ಸಿದ್ದಲಿಂಗಪ್ಪ ಕೊಂಡ ಹಾಡಿನ ಪುಸ್ತಕ

ಅಂಟಿನ ವಾಸನೆ ಇದು, ಕಾಗದದ್ದಲ್ಲ, ಹೊಸ ಪುಸ್ತಕದ ಬೆನ್ನಿಗೆ ಬಳಿದ ಅಂಟಿನದು, ಹುಳಿ ಬಂದ ಗಂಜಿಯ ಹಾಗೆ, ಮೂಗಿಗೆ ಬಡಿದರೆ ಸಾಕು ಸಿದ್ದಲಿಂಗಪ್ಪನಿಗೆ ಜೀವ ಹಗುರಾಗುತ್ತಿತ್ತು, ಇವತ್ತು ಆಗಲೊಲ್ಲದು — ಎಂಟು ವರ್ಷವಾಯಿತು ಧಾರವಾಡದ ಈ ಪುಸ್ತಕದಂಗಡಿಗೆ ಬರಲು ಹತ್ತಿ, ಹುಬ್ಬಳ್ಳಿಯ ಕನ್ನಡ ಶಾಲೆಗೆ ಮಾಸ್ತರನಾದಂದಿನಿಂದ, ತಿಂಗಳಿಗೊಂದು ರವಿವಾರ ರೈಲು ಹತ್ತಿ, ವ್ಯಾಕರಣ, ಪುರಾಣ, ಚರಿತ್ರೆ, ಹಗುರಾದ ಪುಸ್ತಕ ಒಂದು ದಿನವೂ ಕೇಳಿದವನಲ್ಲ. ಏನ್ ಬೇಕ್ರಿ ಮಾಸ್ತರ, ಎಂದರು ಗಾದಿಯ ಮೇಲೆ ಕೂತಿದ್ದ ಮಾಲಕರು, ಅವನು ಕಪಾಟಿನ ಕಡೆ ನೋಡಿದ, ಬೀದಿಯಲ್ಲಿ ಹೋಗುತ್ತಿದ್ದ ಟಾಂಗಾದ ಕಡೆ ನೋಡಿದ, ತನ್ನ ಚಪ್ಪಲಿಯ ಕಡೆಯೂ ನೋಡಿಕೊಂಡ, ಕಡೆಗೆ, ಆ ಹೊಸಾ ಮಾತಾಡೋ ಸಿನೇಮಾದ ಹಾಡಿನ ಪುಸ್ತಕ ಬಂದೈತೇನ್ರಿ, ನನಗಲ್ರಿ, ಗೆಳೆಯಾ ಒಬ್ಬಾಂವ ಹೇಳ್ಯಾನ, ಎಂದು ಒಂದೇ ಉಸಿರಿಗೆ ಅಂದುಬಿಟ್ಟ. ಒಯ್ದವರೆಲ್ಲಾ ಹಂಗ ಅಂದಾರ್ರಿ, ಎಂದು ಮಾಲಕರು ನಕ್ಕು ಕೈಗಿಟ್ಟರು, ತೆಳ್ಳನೆಯ ಪುಸ್ತಕ, ನಾಗರಿ ಅಕ್ಷರ, ಮೇಲೆ ನಾಯಿಕೆಯ ಚಿತ್ರ, ತುಟಿಯ ಕೆಂಪು ಗದ್ದಕ್ಕೆ ಹರಿದಿದೆ. ಓದಬಲ್ಲ, ಮರಾಠಿ ಕಲಿತ ಕಣ್ಣಿಗೆ ನಾಗರಿ ಏನು ಮಹಾ, ಹಿಂದಿಯ ಅರ್ಥ ಅರ್ಧ ತಿಳಿದೀತು, ಉಳಿದರ್ಧವನ್ನು ಯಾವತ್ತಿನ ಹಾಗೆ ತಾನೇ ಕೂಡಿಸಿದರಾಯಿತು. ಪುಸ್ತಕವನ್ನು ಕೋಟಿನ ಒಳಗಿನ ಕಿಸೆಗೆ ಹಾಕಿಕೊಂಡು ಸ್ಟೇಶನ್ನಿನ ದಾರಿ ಹಿಡಿದ.

ಯಾವತ್ತಿನ ಹಾಗೆ — ಆ ಯಾವತ್ತು ಎನ್ನುವುದು ನಿನ್ನೆ ಸಂಜೆಯ ತನಕ ಇತ್ತು, ಸಿನೇಮಾ ಮೂಕಾಗಿದ್ದಾಗ, ಪರದೆಯ ಮೇಲೆ ಚಿತ್ರ ಸರಿದು ಅಕ್ಷರ ಬಂದು ನಿಂತಾಗ, ಇಡೀ ತಂಬು, ಓದು ಬಾರದ ಡೇರೆ ತುಂಬಾ ಜನ, ಒಂದು ಗಳಿಗೆ ಕುರುಡಾಗುತ್ತಿತ್ತು, ಆಗ ಎಡಕ್ಕೆ ಹನುಮಂತಪ್ಪ, ಬಲಕ್ಕೆ ಮೈಲಾರಲಿಂಗಪ್ಪ, ಅವನಾಚೆ ಹಜರತಅಲಿ, ರೈಲ್ವೆ ಕಾರಖಾನೆಯ ಎಣ್ಣೆ ವಾಸನೆಯ ಮೂರು ತಲೆಗಳು ಬೆಂಚಿನ ನಡುವೆ ಕೂತ ಅವನ ಕಡೆ ಬಾಗುತ್ತಿದ್ದವು, ಏನಂದ್ಲೋ ಮಾಸ್ತರ ಅಕಿ, ಲಗೂ ಹೇಳೋ. ಅವನು ಓದಿ ಕನ್ನಡದಲ್ಲಿ ಹೇಳುತ್ತಿದ್ದ, ಹಿಂದಿನ ಬೆಂಚಿನವರೂ ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದರು, ಪರದೆಯ ಮೇಲೆ ಒಂದು ಸಾಲಿದ್ದರೆ ಅವನ ಬಾಯಲ್ಲಿ ಮೂರು, ಒಂದು ಸಲವಂತೂ ಸಾಯುವ ರಾಜನಿಂದ ಎಂಥಾ ಮಾತು ಆಡಿಸಿದ್ದ, ಮೈಲಾರಲಿಂಗಪ್ಪ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ, ಆ ಮಾತನ್ನು ಕಾರಖಾನೆಯಲ್ಲಿ ವಾರಗಟ್ಟಲೆ ಆಡಿದರಂತೆ, ರಾಜ ಆಡಿದ್ದೆಂದೇ ತಿಳಿದು, ಸಿದ್ದಲಿಂಗಪ್ಪ ಹೇಳಲಿಲ್ಲ, ಯಾಕೆ ಹೇಳಬೇಕು. ನಿನ್ನೆಯೂ ನಡುವೆಯೇ ಕೂತಿದ್ದ. ಮೊದಲ ಅಕ್ಷರ ಬಂದವು, ಕಂಪನಿಯ ಹೆಸರು, ಅವನು ಗಂಟಲು ಸರಿಮಾಡಿಕೊಂಡು ಸುರು ಮಾಡಿದ, ಅಷ್ಟರಲ್ಲಿ ಪರದೆ ಹಾಡಿತು — ಖರೇ ಖರೇ ಹಾಡಿತು, ಮೈಮೇಲೆ ಮುಳ್ಳೆದ್ದವು — ಸುಮ್ನಿರಪಾ ಮಾಸ್ತರ, ಕೇಳಸವಲ್ದು, ಎಂದು ಹನುಮಂತಪ್ಪ ಅವನ ತೊಡೆಯ ಮೇಲೆ ಕೈ ಇಟ್ಟ, ಸಿಟ್ಟಿನಿಂದಲ್ಲ, ಸಿಟ್ಟು ಇದ್ದಿದ್ದರೆ ಛಲೋ ಇತ್ತು. ಆಮೇಲೆ ಹಿಂದಿ ತಿಳಿಯದ ಕಡೆ ಎಲ್ಲರೂ ಹಜರತಅಲಿಯತ್ತ ವಾಲತೊಡಗಿದರು, ಅವನ ಮನೆಮಾತೇ ಅದು, ಪಾಪ ಅವನೂ ಖುಷಿಯಿಂದಲೇ ಹೇಳಿದ, ನಡುವೆ ಕೂತ ಸಿದ್ದಲಿಂಗಪ್ಪನ ಎದೆಯ ಮುಂದಿನಿಂದ ಮಾತು ಆ ಕಡೆ ಈ ಕಡೆ ಹಾಯ್ದವು, ಮಧ್ಯಂತರಕ್ಕೆ ಮೈಲಾರಲಿಂಗಪ್ಪನೇ ಅಂದ, ನೀ ತುದೀಗೆ ಸರೀತಿಯೇನೋ, ಅಲಿ ನಡೂವ ಬರ್ಲಿ. ಸರಿದ. ತುದಿಯಲ್ಲಿ ತಂಬಿನ ಕಂಬ ಭುಜಕ್ಕೆ ಒತ್ತುತ್ತಿತ್ತು, ಅಷ್ಟು ಜನರ ನಡುವೆ ಅವನಿಗೆ ಯಾರೂ ಇಲ್ಲ ಎನಿಸಿತು.

ಗಾಡಿ ನವಲೂರ ಬಿಟ್ಟಿತು, ಕಿಸೆಯಿಂದ ಪುಸ್ತಕ ತೆಗೆದ, ಎದುರಿನ ಮುದುಕ ಮೇಲಿನ ಚಿತ್ರ ನೋಡಿದ, ನೋಡಲಿ — ಮೊದಲ ಹಾಡಿಗೆ ಪಲ್ಲವಿಯ ಕೆಳಗೆ ನಾಲ್ಕು ನುಡಿ, ನಿನ್ನೆ ತಂಬಿನಿಂದ ಮನೆಯವರೆಗೆ ಅವರು ಗುಣಗುಣಿಸಿದ್ದು ಇದೇ, ಪಲ್ಲವಿ ಬಿಟ್ಟರೆ ಉಳಿದದ್ದು ಬರದೆ ಲಾಲಾ ಎಂದು ತೇಲಿಸಿದ್ದರು, ಆಗಲೇ ಹೊಳೆದಿತ್ತು ಅವನಿಗೆ, ಹಾಡು ಮಾತಾಡಿದರೂ ನೆನಪಿನಲ್ಲಿ ಉಳಿಯಲು ಅಕ್ಷರ ಬೇಕು, ಅಕ್ಷರ ಎಂದರೆ ತಾನು. ನಾಳಿ ನನಗ ಧಾರವಾಡದಾಗ ಕೆಲಸ ಐತಿ, ಎಂದಿದ್ದ, ಏನು ಕೆಲಸ ಎಂದು ಯಾರಾದರೂ ಕೇಳುತ್ತಾರೇನೋ ಎಂದು ಎರಡು ಹೆಜ್ಜೆ ನಿಧಾನ ಮಾಡಿದ್ದ, ಆತು, ಸಂಜಿಮುಂದ ಚಾದಂಗಡಿಗೆ ಬಾ, ಎಂದು ಹಾಡಿಕೊಂಡೇ ಹೋದರು. ಹೆಬ್ಬಳ್ಳಿಯ ಅಕ್ಕ ಗೌರಕ್ಕ ಇವನು ಹೋದಾಗೊಮ್ಮೆ ಕೇಳುತ್ತಾಳೆ, ಒಬ್ಬಾಂವನ ಎಷ್ಟು ದಿನಾ ಇರ್ತಿಯೋ ತಮ್ಮಾ, ಒಬ್ಬಾಂವ ಎಲ್ಲಿದ್ದೇನಕ್ಕಾ, ಮೂರು ಮಂದಿ ಗೆಳೆಯಾರದಾರ, ಎನ್ನುತ್ತಾನೆ, ಈ ಸಲ ಹೋದಾಗ ಏನು ಹೇಳಬೇಕು. ಇಲ್ಲ, ಇವತ್ತು ಪುಸ್ತಕ ತೆರೆಯುತ್ತಾನೆ, ಒಂದೊಂದೇ ನುಡಿ ಓದಿ ಹೇಳುತ್ತಾನೆ, ಅವರು ಅವನ ಹಿಂದಿಂದೆ ಹಾಡುತ್ತಾರೆ, ಬಾರೋ ನಡೂವ ಕೂಡ್ರು, ಎಂದಾರು. ಉಣಕಲ್ಲ ಕೆರೆ ಬರುವಷ್ಟರಲ್ಲಿ ನಾಲ್ಕೂ ನುಡಿ ಕಂಠಪಾಠವಾಗಿದ್ದವು.

ಚಹಾದಂಗಡಿಯ ಹೊರಗೇ ಹಾಡು ಕೇಳಿಸಿತು. ಹನುಮಂತಪ್ಪ ಕಣ್ಣು ಮುಚ್ಚಿ ಹಾಡುತ್ತಿದ್ದಾನೆ, ಓದಲು ಬರೆಯಲು ಬಾರದ ಹನುಮಂತಪ್ಪ, ಪಲ್ಲವಿಯಷ್ಟೇ ಅಲ್ಲ, ನುಡಿ ನುಡಿ — ಮಧ್ಯಾಹ್ನದ ಆಟಕ್ಕೆ ಮತ್ತ ಹೋಗಿದ್ವಿ, ಎಂದ ಮೈಲಾರಲಿಂಗಪ್ಪ ಪಿಸುಮಾತಿನಲ್ಲಿ, ಬಾ ಕೂಡ್ರು, ಜಾಗವನ್ನೂ ಮಾಡಿದ, ಹಜರತಅಲಿ ನಾಲ್ಕು ಬೆರಳಿನಿಂದ ಮೇಜಿನ ಹಲಗೆಯ ಮೇಲೆ ತಾಳ ಹಾಕುತ್ತಿದ್ದಾನೆ, ಬಸಿಯಲ್ಲಿನ ಚಹಾ ನಡುಗುತ್ತಿದೆ, ಗಿರಾಕಿಗಳು ಕುಡಿಯುವುದನ್ನು ಮರೆತಿದ್ದಾರೆ, ಎಷ್ಟು ಛಲೋ ಇತ್ತು, ಅವನಿಗೂ ಛಲೋ ಅನಿಸಿತ್ತು, ಸುಮ್ಮನೆ ಕೂತು ಕೇಳಬಹುದಿತ್ತು. ಆದರೆ ಕೈ ಕಿಸೆಗೆ ಹೋಯಿತು, ಪುಸ್ತಕ ಹೊರಗೆ ಬಂತು, ಬೆರಳು ಸಾಲಿನ ಕೆಳಗೆ ಓಡಿತು, ಒಂದು, ಎರಡು, ಮೂರನೆಯದನ್ನು ದಾಟಿ ಹನುಮಂತಪ್ಪ ನಾಲ್ಕಕ್ಕೆ ಜಿಗಿದ — ತಡಿ, ಒಂದು ನುಡಿ ಬಿಟ್ಟಿ, ಎಂದ ಸಿದ್ದಲಿಂಗಪ್ಪ, ಎಂಟು ವರ್ಷ ಹುಡುಗರನ್ನು ಎಬ್ಬಿಸಿ ನಿಲ್ಲಿಸಿದ ದನಿಯಲ್ಲಿ, ಇಲ್ಲಿ ನೋಡು, ಅಚ್ಚಾಗೈತಿ. ಹಾಡು ನಿಂತಿತು. ಹನುಮಂತಪ್ಪ ಕಣ್ಣು ತೆರೆದು ಪುಸ್ತಕ ನೋಡಿದ, ಅವನ ಮುಖ ಕೆಂಪೇರಿತು, ಹೌದೇನ್ರಿ ಮಾಸ್ತರ, ನಮಗೇನ್ ತಿಳೀತದ್ರಿ, ಎಂದ, ಇಷ್ಟು ವರ್ಷದಲ್ಲಿ ಅವನು ಇವನನ್ನು ಬಹುವಚನದಲ್ಲಿ ಕರೆದದ್ದು ಇದೇ ಮೊದಲು. ಹಜರತಅಲಿಯ ಬೆರಳು ಮುಂದಿನ ತಾಳಕ್ಕೆ ಮೇಲೆದ್ದಿದ್ದವು, ಎತ್ತಿದಲ್ಲೇ ನಿಂತಿದ್ದವು. ಹಾಡೋ, ನಾ ಸುಮ್ನ ಅಂದೆ, ಎಂದ ಸಿದ್ದಲಿಂಗಪ್ಪ, ಬೇಕಾದರೆ ಬಿಟ್ಟದ್ದನ್ನು ನಾನೇ ಓದುತ್ತೇನೆ ಎಂದು ಮೂರನೆಯ ನುಡಿ ಓದಿಯೂ ಬಿಟ್ಟ, ಹಾಜರಿ ಕೂಗಿದ ಹಾಗೆ ಕೇಳಿಸಿತು, ಯಾರೂ ಹಿಂದೆ ಹಾಡಲಿಲ್ಲ, ಗಿರಾಕಿಗಳು ಬಸಿ ಎತ್ತಿದರು, ಮೈಲಾರಲಿಂಗಪ್ಪ ಕಾರಖಾನೆಯ ಮಾತು ತೆಗೆದ, ಸಿದ್ದಲಿಂಗಪ್ಪ ಯಾವಾಗ ಎದ್ದ, ಯಾವ ಬೀದಿ ಹಿಡಿದ, ಕೋಣೆಯ ಕೀಲಿ ಯಾವಾಗ ತೆಗೆದ, ಅವನಿಗೇ ಗೊತ್ತಿಲ್ಲ, ಗೊತ್ತಿರುವುದು ಇಷ್ಟೇ, ಕಣ್ಣ ಮುಂದೆ ಇನ್ನೂ ಆ ಹಲಗೆಯ ಮೇಲೆ ನಾಲ್ಕು ಬೆರಳು, ಗೇಣು ಎತ್ತರ, ಕರಿ ಎಣ್ಣೆ ಹಿಡಿದ ಉಗುರು, ಬೀಳಲಿ, ಈಗಲಾದರೂ ಬೀಳಲಿ — ಎತ್ತಿದ ಬೆರಳು, ಇಳಿಯಲೊಲ್ಲವು, ಆ ನಾಲ್ಕು ಬೆರಳು.