ಮೇಣದ ಎರಡು ಹಲ್ಲು

ನಾನು ಒಂದು ಬಾಯಿ. ಗಾಬರಿಯಾಗಬೇಡಿ, ತಿನ್ನುವ ಬಾಯಿಯಲ್ಲ. ಹಲ್ಲಿನ ಕ್ಲಿನಿಕ್ಕಿನಲ್ಲಿ ಪ್ಲಾಸ್ಟರ್ ಹೊಯ್ದು ಮಾಡಿದ ಬಾಯಿ. ಅದರಲ್ಲೂ ನನಗಿರುವುದು ಮೇಲ್ದವಡೆ ಮಾತ್ರ. ನಾಲಿಗೆಯಿಲ್ಲ. ಹಾಗಾಗಿ ಅಷ್ಟೆಲ್ಲ ನಡೆದರೂ ನನಗೆ ಒಂದು ಮಾತೂ ಆಡಲಾಗಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಎದೆ ಧಸಕ್ಕೆನ್ನುತ್ತಿತ್ತು, ಎದೆಯೊಂದು ಇದ್ದಿದ್ದರೆ.

ನಾನು ಹುಟ್ಟಿದ್ದು ಬಳ್ಳಾರಿಯ ಡಾಕ್ಟರ್ ಉಮಾದೇವಿಯವರ ಕ್ಲಿನಿಕ್ಕಿನಲ್ಲಿ. ಮದುವೆ ಮೆರವಣಿಗೆಗಳಲ್ಲಿ ಕ್ಲಾರಿನೆಟ್ ಊದುವ ಹುಲುಗಪ್ಪ ಬ್ಯಾಂಡ್ ಸೆಟ್ಟಿನ ಟೆಂಪೋದಿಂದ ಮುಖ ಕೆಳಗಾಗಿ ಬಿದ್ದು, ಮೇಲಿನ ಮುಂದಿನ ಎರಡು ಹಲ್ಲು ಕಳೆದುಕೊಂಡು ಬಂದಿದ್ದ. ಡಾಕ್ಟರು ಗುಲಾಬಿ ಬಣ್ಣದ ಹಿಟ್ಟನ್ನು ಅವನ ಬಾಯಿಗೊತ್ತಿ ಅಚ್ಚು ತೆಗೆದರು. ಆ ಅಚ್ಚಿಗೆ ಪ್ಲಾಸ್ಟರ್ ಹೊಯ್ದಾಗ ನಾನು ಹೊರಬಂದೆ. ಅವನ ಕೋರೆಹಲ್ಲು ಸ್ವಲ್ಪ ಸೊಟ್ಟ, ನನ್ನದೂ ಸೊಟ್ಟ. ಅವನ ಬಾಯಿಯಲ್ಲಿ ಎಲ್ಲಿ ಖಾಲಿಯಿತ್ತೋ ನನ್ನಲ್ಲೂ ಅಲ್ಲೇ ಖಾಲಿ.

ಕ್ಲಾರಿನೆಟ್ಟಿನ ತುದಿಯ ಮೇಲೆ ಆ ಎರಡು ಹಲ್ಲು ಊರಿಕೊಂಡರೆ ಮಾತ್ರ ಸ್ವರ ಹೊರಡುತ್ತದಂತೆ. ಇಲ್ಲದಿದ್ದರೆ ಬರೀ ಗಾಳಿ. ಬ್ಯಾಂಡಿನ ಮಾಲೀಕ ಹುಲುಗಪ್ಪನ ಕೈಗೆ ತಾಳ ಕೊಟ್ಟು ಹಿಂದಿನ ಸಾಲಿಗೆ ಕಳಿಸಿದ್ದ.

"ಬ್ಯಾಸಿಗಿ ಮದುವಿಗಳು ಮುಗಿಯೋದ್ರೊಳಗ ಊದಲಿಲ್ಲಾಂದ್ರ ನನ್ನ ಜಾಗಕ್ಕ ಬ್ಯಾರೇವ್ನ ತಗೊಂತಾರ್ರಿ ಮೇಡಂ," ಎಂದ ಹುಲುಗಪ್ಪ. ಹಲ್ಲಿಲ್ಲದೆ ಮಾತು ಸುಸ್ ಸುಸ್ ಎನ್ನುತ್ತಿತ್ತು.

"ನಿಮ್ಮ ಪಾಲಿಸಿಯಲ್ಲಿ ಅಪಘಾತದಿಂದ ಹಲ್ಲು ಹೋದ್ರೆ ಕೊಡ್ತಾರೆ. ಕಂಪನಿಯೋರು ಒಪ್ಪಿದ ದಿನವೇ ಶುರು ಮಾಡ್ತೀನಿ," ಎಂದರು ಡಾಕ್ಟರು.

ಕಂಪನಿಯವರು ಸುಲಭಕ್ಕೆ ಒಪ್ಪುವ ಆಸಾಮಿಗಳೇ? ಮೊದಲು, ಹಲ್ಲು ಬಿದ್ದದ್ದು ಅಪಘಾತದಿಂದಲೋ ವಯಸ್ಸಿನಿಂದಲೋ ಎಂದು ಕೇಳಿದರು. ಅದಕ್ಕೆ ಉತ್ತರ ಹೋಯಿತು. ಆಮೇಲೆ, ಹಲ್ಲು ಕಟ್ಟಿಸುವುದು ಚಂದಕ್ಕಲ್ಲವೇ ಎಂದರು. ಅದಕ್ಕೂ ಉತ್ತರ ಹೋಯಿತು. ಕೊನೆಗೆ, ಎಕ್ಸ್‌ರೇ ಮಸುಕಾಗಿದೆ, ಬಾಯಿಯ ಸ್ಥಿತಿ ತೋರಿಸುವ ಬೇರೆ ಸಾಕ್ಷಿ ಕಳಿಸಿ ಎಂದರು. ಡಾಕ್ಟರು ಬೇಸತ್ತು, "ಹುಲುಗಪ್ಪನ ಬಾಯಿಯ ಮಾಡೆಲ್ಲೇ ಕಳಿಸಿಬಿಡಿ" ಎಂದು ನರ್ಸಿಗೆ ಹೇಳಿ ಮುಂದಿನ ರೋಗಿಯ ಬಾಯಿಗೆ ಬಗ್ಗಿದರು.

ಎಡವಟ್ಟಾದದ್ದು ಅಲ್ಲೇ. ಆ ಹೊತ್ತಿಗೆ ನಾನು ಹಿಂದಿನ ಕೋಣೆಯಲ್ಲಿ, ಹಲ್ಲು ತಯಾರಿಸುವ ಚಾಂದ್ ಬಾಷಾನ ಮೇಜಿನ ಮೇಲಿದ್ದೆ. ಬಾಷಾ ಒಳ್ಳೆಯ ಕೆಲಸಗಾರ, ಆದರೆ ಬೋಳು ಒಸಡು ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ಹೊಸ ಹಲ್ಲಿನ ಅಂದಾಜು ನೋಡಲು ಮೇಣದಲ್ಲಿ ತಿದ್ದುವುದು ಅವರ ಕಸುಬಿನ ಪದ್ಧತಿಯೇ. ಇವನೋ ಒಂದು ಕೈ ಮುಂದೆ. ಹಲ್ಲಿನ ಬಣ್ಣದ್ದೇ ಮೇಣ ಹುಡುಕಿ, ಎರಡು ಹಲ್ಲು ಕೂರಿಸಿ, ಬಟ್ಟೆಯಿಂದ ಉಜ್ಜಿ ಹೊಳಪು ಬರಿಸಿದ್ದ. "ಈಗ ನೋಡು, ಮದುಮಗ ಆದಿ," ಎಂದು ನನ್ನ ಪಕ್ಕ ತಟ್ಟಿದ್ದ. ಮಾಡೆಲ್ ಎಲ್ಲಿಗೆ ಹೋಗುತ್ತಿದೆ ಎಂದು ಅವನು ಕೇಳಲಿಲ್ಲ, ಅವನಿಗೆ ಯಾರೂ ಹೇಳಲೂ ಇಲ್ಲ. ಹಾಗೇ ಹತ್ತಿಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ ನರ್ಸಿನ ಕೈಗೆ ಕೊಟ್ಟುಬಿಟ್ಟ. ಹಲ್ಲಿಲ್ಲ ಎಂದು ಸಾಕ್ಷಿ ಹೇಳಲು ಹೊರಟವನು ನಾನು, ಬಾಯಿ ತುಂಬ ಹಲ್ಲಿಟ್ಟುಕೊಂಡು!

ವಿಮಾ ಕಚೇರಿಯಲ್ಲಿ ನನ್ನನ್ನು ಹೊರತೆಗೆದವರು ಶ್ರೀಧರಮೂರ್ತಿ ಎಂಬ ಅಧಿಕಾರಿ. ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಹುಬ್ಬು ಮೇಲಕ್ಕೇರಿದ್ದು ಇಳಿಯಲೇ ಇಲ್ಲ. ಹುಲುಗಪ್ಪನನ್ನು ಕೂಡಲೇ ಕರೆಸಿದರು.

"ಇದು ನಿಮ್ಮ ಬಾಯೇನ್ರೀ?"

ಹುಲುಗಪ್ಪ ನನ್ನ ಸೊಟ್ಟ ಕೋರೆಹಲ್ಲು ಗುರುತಿಸಿದ. "ಹೌದ್ರಿ ಸಾರ್, ನಂದೇ."

"ಹಲ್ಲೆಲ್ಲ ಇದಾವಲ್ಲ. ಮತ್ತೆ ಕ್ಲೇಮು ಯಾವುದಕ್ಕೆ?"

ಹುಲುಗಪ್ಪ ನನ್ನನ್ನು ದಿಟ್ಟಿಸಿದ. ಅವನ ಕೈ ತಾನಾಗಿ ಬಾಯಿಗೆ ಹೋಯಿತು. ಹಲ್ಲು ನಿಜಕ್ಕೂ ಹೋಗಿವೆಯೇ ಎಂದು ಬೆರಳಿಟ್ಟು ನೋಡಿಕೊಂಡ. ಅದನ್ನು ಕಂಡು ನನಗಾದ ಸಂಕಟ ಹೇಳತೀರದು. ತನ್ನ ಬಾಯಿಯ ಮೇಲೇ ಅವನಿಗೆ ಅನುಮಾನ ಬಂದಿತ್ತು.

"ಇಲ್ಲ ಸಾರ್, ಬೇಕಾದ್ರ ನೋಡ್ರಿ," ಎಂದು ಬಾಯಿ ತೆರೆದ.

ಶ್ರೀಧರಮೂರ್ತಿ ಮುಖ ತಿರುಗಿಸಿದರು. "ಬಾಯಿ ಮುಚ್ಚಿ. ನಾವು ನೋಡೋದು ಫೈಲು, ಬಾಯಲ್ಲ. ಇವತ್ತು ಇರೋ ಹಲ್ಲು ನಾಳೆ ಕೀಳಿಸ್ಕೊಂಡು ಬರೋರಿದಾರೆ. ನಿಮ್ಮ ಡಾಕ್ಟರೇ ಕಳಿಸಿರೋ ಸಾಕ್ಷಿ ಇದು. ಊಟ ಮುಗಿಸ್ಕೊಂಡು ಬಂದು ಸುಳ್ಳು ಕ್ಲೇಮು ಅಂತ ಬರೀತೀನಿ."

ನಾನು ದಂಗಾಗಿಹೋದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ಸರಿ. ಆದರೆ ಪ್ರತ್ಯಕ್ಷ ಕಾಣುವುದನ್ನು ಕಾಣಲೇಬಾರದು ಎಂದು ಯಾವ ಗಾದೆ ಹೇಳಿದೆ? ರಕ್ತಮಾಂಸದ ಬಾಯಿ ಎದುರಿಗೆ ನಿಂತು ಬೇಡುತ್ತಿದೆ, ಇವರು ನಂಬಿದ್ದು ಪ್ಲಾಸ್ಟರಿನ ಬಾಯಿಯನ್ನು. ಹಲ್ಲಿದ್ದವನಿಗೆ ಕಡಲೆಯಿಲ್ಲ ಎಂಬ ಮಾತು ಕೇಳಿದ್ದೆ. ಇಲ್ಲಿ ನನ್ನ ಸುಳ್ಳು ಹಲ್ಲು ಆ ಮನುಷ್ಯನ ಕಡಲೆಯನ್ನೂ ಕಸಿಯುತ್ತಿತ್ತು. ಹುಲುಗಪ್ಪ ಹೊರಗೆ ಬೆಂಚಿನ ಮೇಲೆ ಕುಸಿದು ಕುಳಿತ. ಶ್ರೀಧರಮೂರ್ತಿ ನನ್ನನ್ನು ಕಿಟಕಿಯ ಕಡಪ ಕಲ್ಲಿನ ಮೇಲಿಟ್ಟು ಊಟಕ್ಕೆ ಹೋದರು.

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಜನ ನಗಾಡುತ್ತಾರೆ. ಅದು ಕಡುಬೇಸಿಗೆಯ ಮಧ್ಯಾಹ್ನ. ಕರಿಕಲ್ಲು ಕಾದ ಹಂಚಾಗಿತ್ತು. ನನ್ನ ಮುಂದಿನ ಹಲ್ಲುಗಳು ಏಕೋ ಮೆತ್ತಗಾದವು. ಒಂದು ಪಕ್ಕಕ್ಕೆ ವಾಲಿತು. ಇನ್ನೊಂದು ಮೆಲ್ಲನೆ ಜಾರಿ ಕಲ್ಲಿನ ಮೇಲೆ ಬಿತ್ತು. ನನಗೆ ಭಯವೂ ಆಯಿತು, ಹೇಳಲಾರದಷ್ಟು ಸಂತೋಷವೂ ಆಯಿತು.

ಶ್ರೀಧರಮೂರ್ತಿ ಬಂದವರು ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಬಿದ್ದ ಹಲ್ಲನ್ನು ಹೆಬ್ಬೆರಳಿನಿಂದ ಒತ್ತಿದರು. ಅದು ಚಪ್ಪಟೆಯಾಗಿ, ಮೇಲೆ ಅವರ ಬೆರಳಿನ ಗುರುತು ಮೂಡಿತು. ಇನ್ನೊಂದನ್ನು ಎತ್ತಿದಾಗ ಕೆಳಗೆ ನನ್ನ ಬೋಳು ಒಸಡು ಕಂಡಿತು. ಅವರ ಮುಖ ಬಿಳಿಚಿಕೊಂಡಿತು. ನೆಟ್ಟಗೆ ಬಾಗಿಲಿಗೆ ಹೋದರು.

"ಹುಲುಗಪ್ಪನವರೇ, ಒಳಗೆ ಬನ್ನಿ," ಎಂದರು. ದನಿ ತಗ್ಗಿತ್ತು. "ಸ್ವಲ್ಪ ಬಾಯಿ ತೆಗೀರಿ."

ಹುಲುಗಪ್ಪ ಹೆದರಿ ಹೆದರಿ ಬಾಯಿ ತೆರೆದ. ಈ ಸಲ ಅವರು ನೋಡಿದರು.

ಮುಂದಿನದು ಬೇಗ ಆಯಿತು. ಡಾಕ್ಟರಿಗೆ ಫೋನು ಹೋಯಿತು, ಬಾಷಾ ಬೈಸಿಕೊಂಡ, ಒಪ್ಪಿಗೆಯೂ ಬಂತು, ಹೊಸ ಹಲ್ಲೂ ಕೂತವು. ಬೇಸಿಗೆಯ ಕೊನೆಯ ಮುಹೂರ್ತಗಳಿಗೆ ಹುಲುಗಪ್ಪ ಮುಂದಿನ ಸಾಲಿಗೆ ಮರಳಿದ. ಒಂದು ದಿನ ಅವನು ಊದುತ್ತಿದ್ದ ಮೆರವಣಿಗೆ ಕ್ಲಿನಿಕ್ಕಿನ ಮುಂದೆಯೇ ಹಾದುಹೋಯಿತು. ಡಾಕ್ಟರು ಕೈಗವಸು ಬಿಚ್ಚದೆ ಬಾಗಿಲಿಗೆ ಓಡಿದ್ದರು.

ಈಗ ನಾನು ಕ್ಲಿನಿಕ್ಕಿನ ಕಪಾಟಿನಲ್ಲಿದ್ದೇನೆ. ಅಂಚು ಮುಕ್ಕಾಗಿದೆ, ಮೈಮೇಲೆ ಧೂಳು ಕೂತಿದೆ. ಮೊನ್ನೆ ಹುಲುಗಪ್ಪ ಹಲ್ಲು ತೋರಿಸಲು ಬಂದಾಗ ಬಾಷಾ ನನ್ನನ್ನು ಇಳಿಸಿ, ಅಭ್ಯಾಸಬಲದಿಂದ ಮೇಣ ಕಾಯಿಸತೊಡಗಿದ್ದ. ಹುಲುಗಪ್ಪ ಅವನ ಕೈ ಹಿಡಿದ.

"ಬ್ಯಾಡ ಬಾಷಾಣ್ಣ, ಹಂಗೇ ಇರ್ಲಿ. ನಾ ಬಾಯಿ ತೆರೆದು ನಿಂತ್ರ ನೋಡ್ಲಿಲ್ಲ. ಇದರ ಹಲ್ಲು ಬಿದ್ದ ಮ್ಯಾಲೇ ನನ್ನ ಕಡಿ ನೋಡಿದ್ರು."

ಅವನು ನನ್ನ ಖಾಲಿ ಜಾಗದ ಮೇಲೆ ಒಮ್ಮೆ ಬೆರಳಾಡಿಸಿ, ನನ್ನನ್ನು ತಾನೇ ಕಪಾಟಿಗಿಟ್ಟ. ಅಂದಿನಿಂದ ನನ್ನ ಬಾಯಿ ಬೋಳಾಗಿಯೇ ಇದೆ.