ಸಾಹೇಬರ ಬಾಟಲಿ

ಸತ್ತ ಮುರಿಗೆಪ್ಪನ ತಲೆಯ ಮೇಲೆ ರುಮಾಲು ನಿಲ್ಲಲೊಲ್ಲದಾಗಿತ್ತು. ನೆರೆಮನೆಯ ಕುರುಬರ ಸತ್ತೆಪ್ಪ ಅದನ್ನು ಸುತ್ತಿ ಕೂರಿಸುವುದು, ಅದು ಜಾರಿ ಹೆಣದ ಮೂಗಿನ ಮೇಲೆ ಬಂದು ಕೂರುವುದು, ಇದೇ ನಡೆದಿತ್ತು. ಹೆಣವನ್ನು ಪಡಸಾಲೆಯ ಗೋಡೆಗೆ ಆನಿಸಿ, ಎದೆಗೆ ಧೋತರ ಬಿಗಿದು ಗೂಟಕ್ಕೆ ಕಟ್ಟಿ, ಹಣೆ ತುಂಬ ವಿಭೂತಿ ಬಳಿದು ಕೂರಿಸಿದ್ದರು. ಜೀವವಿದ್ದಾಗಲೇ ಬೆನ್ನು ನೆಟ್ಟಗೆ ಮಾಡದ ಮನುಷ್ಯ ಸತ್ತ ಮೇಲೆ ಮಾಡಿಯಾನೇ?

“ಸಾಹೇಬ ಬಂದಾನಂತ ಕಿವ್ಯಾಗ ಹೇಳೋ ಸತ್ತೆಪ್ಪಾ, ತಾನ ನೆಟ್ಟಗ ಕುಂದರತಾನ,” ಎಂದ ಬಸವಣ್ಣೆಪ್ಪ.

ಬಸವಣ್ಣೆಪ್ಪ ಸತ್ತವನ ದೊಡ್ಡಪ್ಪನ ಮಗ, ಮನೆತನಕ್ಕೆ ಹಿರಿಯ. ಮಕ್ಕಳಿಲ್ಲದ ಮುರಿಗೆಪ್ಪನಿಗೆ ಮಣ್ಣು ಕೊಡಬೇಕಾದವನು ಅವನೇ. ಅವನು ಆಡಿದ್ದೇ ತಡ, ಕಲ್ಲೋಳಿಯ ಅರ್ಧ ಊರು ಹೆಗಲ ವಸ್ತ್ರದೊಳಗೆ ಮುಖವಿಟ್ಟು ನಕ್ಕಿತು. ಹೆಣದ ಬದಿಗೆ ಕೂತಿದ್ದ ಹೆಂಡತಿ ಕಾಶೆವ್ವ ಯಾರು ಯಾರು ನಕ್ಕರೆಂದು ನೋಡಿಕೊಂಡಳು. ಸಿಟ್ಟೇನೂ ಬರಲಿಲ್ಲ. ಇದಕ್ಕಿಂತ ಖಾರದ ಮಾತನ್ನು ಅವಳೇ ದಿನವೂ ರೊಟ್ಟಿಯ ಜೊತೆ ಅವನ ತಾಟಿಗೆ ಬಡಿಸಿದ್ದಳು.

ಅಷ್ಟರಲ್ಲಿ ಊರ ಅಯ್ಯನವರು ಬಂದರು. ಅವರು ಹೆಣದ ತಲೆಯ ಮೇಲೆ ಪಾದವಿಡದೆ ಹೆಣ ಏಳುವಂತಿಲ್ಲ. ಆದರೆ ಅವರು ಹೊಸ್ತಿಲ ಹೊರಗೇ ನಿಂತುಬಿಟ್ಟರು.

“ಆ ಸೆರೇದ ಬಾಟ್ಲಿ ಇನ್ನೂ ಮನ್ಯಾಗ ಐತೇನು?”

ಇಲ್ಲ ಎಂದು ಯಾರೂ ಅನ್ನಲಿಲ್ಲ. ಕತ್ತಲ ಖೋಲಿಯ ಗೂಡಿನಲ್ಲಿ ಆ ಮದ್ಯದ ಬಾಟಲಿ ಇರುವುದು ಮೂಡಲಗಿಯ ಸಂತೆಗೂ ಗೊತ್ತಿತ್ತು.

“ಹಂಗಾದ್ರ ಅದನ್ನ ಹೊರಗ ಒಯ್ದು ಒಡೀರಿ. ಸೆರೆ ಇದ್ದ ಮನ್ಯಾಗ ನಾ ಪಾದಾ ಇಡಾಂಗಿಲ್ಲ.”

ಹೊತ್ತು ಆಗಲೇ ಪಡುವಣಕ್ಕೆ ವಾಲಿತ್ತು. ಅದು ಮುಳುಗುವುದರೊಳಗೆ ಹೆಣ ಎದ್ದರೆ ಎದ್ದಿತು. ಇಲ್ಲವಾದರೆ ಈ ಜನ ನಾಳೆ ಮತ್ತೆ ಬರುವ ಪೈಕಿ ಅಲ್ಲವೆಂದು ಕಾಶೆವ್ವನಿಗೆ ಗೊತ್ತಿತ್ತು. ಹಡೆದ ಮಗನಿಲ್ಲ, ಹೆಗಲು ಕೊಡುವವರು ಇವರೇ.

*

ದಿಲ್ಲಿಯಲ್ಲಿ ದರಬಾರು ಆದ ವರುಷ ಊರೂರು ತಪಾಸಣೆಯ ಫಿರತಿಗೆ ಬಂದ ಸಾಹೇಬನೊಬ್ಬ ಊರ ಮಾವಿನ ತೋಪಿನಲ್ಲಿ ಡೇರೆ ಹಾಕಿದ್ದ. ಡೇರೆಗೆ ಹಾಲು, ಕಟ್ಟಿಗೆ ಒದಗಿಸುವ ಕೆಲಸ ಮುರಿಗೆಪ್ಪನದು. ಒಂದು ಸಂಜೆ ಸಾಹೇಬ ದ್ರಾಕ್ಷಿಯ ಕೆಂಪು ಸೆರೆಯ ಬಾಟಲಿ ತೆರೆದು ಒಂದು ಗ್ಲಾಸು ಕುಡಿದಿದ್ದನೋ ಇಲ್ಲವೋ, ಗೋಕಾಕದಿಂದ ಸವಾರ ಬಂದ. ಸಾಹೇಬ ಅವಸರದಲ್ಲಿ ಕುದುರೆ ಹತ್ತಿ ತನ್ನ ಭಾಷೆಯಲ್ಲಿ ಏನೋ ಅಂದ. ಜೋಪಾನವಾಗಿ ಇಡು, ಮತ್ತೆ ಬರುತ್ತೇನೆ ಅನ್ನುತ್ತಾರೆ ಎಂದು ಗೋವೆಯ ಬಟ್ಲರ ತಿಳಿಸಿದ. ಸಾಹೇಬ ಡೇರೆಯ ಮಾತು ಆಡಿದ್ದನೋ, ಬಾಟಲಿಯ ಮಾತು ಆಡಿದ್ದನೋ, ಆ ಶಿವನೇ ಬಲ್ಲ. ಮುರಿಗೆಪ್ಪ ಮಾತ್ರ ಬಾಟಲಿಯನ್ನು ಎದೆಗೆ ಅವಚಿಕೊಂಡ.

ಬಟ್ಲರನಿಗೆ ನಗೆ. ನಗುನಗುತ್ತಲೇ ವಿದ್ಯೆ ಹೇಳಿಕೊಟ್ಟ. ತೆರೆದ ಬಾಟಲಿಗೆ ಗಾಳಿಯೇ ಯಮ. ಕುಡಿದಷ್ಟು ಜಾಗ ಖಾಲಿ ಬಿದ್ದಿದೆ, ಅಲ್ಲಿ ಗಾಳಿ ಕೂತರೆ ಸೆರೆ ಹುಳಿಯಾಗುತ್ತದೆ. ಅದಕ್ಕೇ ತೊಳೆದ ಹರಳುಗಳನ್ನು ಹಾಕುತ್ತ ಹೋಗು, ಸೆರೆ ಕೊರಳ ತನಕ ಏರಲಿ. ಆಮೇಲೆ ಬೂಚು ಒತ್ತಿ, ಮೇಣ ಹಚ್ಚಿ, ಮೇಲೆ ಅರಗು ಸುರಿದು ಮುದ್ರೆ ಮಾಡು. ತಂಪಿನಲ್ಲಿ, ಕತ್ತಲಲ್ಲಿ ಇಡು.

ಮುರಿಗೆಪ್ಪ ಘಟಪ್ರಭೆಯ ಹೊಳೆದಂಡೆಗೆ ನಡೆದುಹೋಗಿ ಸಣ್ಣ ಹರಳುಗಲ್ಲು ಆರಿಸಿ ತಂದ. ಕುದಿಸಿ, ಒರೆಸಿ, ಕೂಸಿನ ಬಾಯಿಗೆ ಔಷಧ ಬಿಟ್ಟ ಹಾಗೆ ಒಂದೊಂದಾಗಿ ಬಿಟ್ಟ. ವರುಷಕ್ಕೊಮ್ಮೆ, ಮಳೆಗಾಲದ ಮುಂಚೆ, ಹಳೆಯ ಅರಗು ಕೆರೆದು ತೆಗೆಯುವನು. ಸೆರೆ ಉಗುರಿನಷ್ಟು ಇಳಿದಿದ್ದರೂ ಇನ್ನೊಂದು ಹರಳು ಬಿಟ್ಟು ಹೊಸ ಮುದ್ರೆ ಹಾಕುವನು. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಸೆರೆ ಮುಟ್ಟಬಹುದೇ ಎಂದು ಯಾರಾದರೂ ಕೇಳಿದರೆ, ತಾನು ಕುಡಿಯುವವನಲ್ಲ, ಕಾಯುವವನು ಎನ್ನುವನು. ಒಂದು ಹನಿಯನ್ನೂ ನಾಲಿಗೆಗೆ ಇಟ್ಟವನಲ್ಲ, ಅದೂ ನಿಜವೇ. ಕಥೆಯ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿ ಇತ್ತಂತೆ. ಕಲ್ಲೋಳಿಯ ಮುರಿಗೆಪ್ಪನ ಜೀವ ಬೂಚು ಹಾಕಿದ ಬಾಟಲಿಯಲ್ಲಿ! ರಾಕ್ಷಸನಾದರೂ ಊರನ್ನು ಹೆದರಿಸಿದ್ದ. ಇವನು ಊರಿಗೆ ಹರಟೆಯ ಸರಕಾದ.

ಮುಂದೊಂದು ವರುಷ ಗೋಕಾಕದ ಬಂಗಲೆಗೆ ಸಾಹೇಬ ಬರುತ್ತಾನೆಂದು ಸುದ್ದಿ ಹುಟ್ಟಿತು. ಮಿರಗದ ಮಳೆ ಇನ್ನೇನು ಬೀಳುವುದರಲ್ಲಿತ್ತು. ಮನೆಯ ಮುಂದಿನ ಹಗೇವಿನಲ್ಲಿ, ನೆಲದೊಳಗಿನ ಆ ಕಣಜದಲ್ಲಿ, ಇಡೀ ವರುಷದ ಜೋಳ ತುಂಬಿತ್ತು. ಅದರ ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುವುದಷ್ಟೇ ಬಾಕಿ. ಕಾಶೆವ್ವ ಜ್ವರದಲ್ಲಿ ಮಲಗಿದ್ದಳು, ಮಲಗಿದಲ್ಲಿಂದಲೇ ಮೆತ್ತಲು ಹೇಳಿದಳು. ಹೂಂ ಅಂದವನು ಅರಗು ಕಾಸಿ, ಬಾಟಲಿಯ ಬಾಯಿ ಬಿಗಿದು, ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಗೋಕಾಕದ ದಾರಿ ಹಿಡಿದ. ಬಂದ ಸಾಹೇಬ ಬೇರೆ ಯಾರೋ. ಪಟ್ಟೆವಾಲರು ಇವನನ್ನು ಬಂಗಲೆಯ ಗೇಟಿನಿಂದಲೇ ನೂಕಿದರು. ಊರಲ್ಲಿ ಅತ್ತ ಮಳೆ ಸುರಿಯಿತು.

ಅವನು ತಿರುಗಿ ಬರುವಷ್ಟರಲ್ಲಿ ಹಗೇವು ನೀರು ಕುಡಿದು ಜೋಳ ಕರಿದಾಗಿ ಉಬ್ಬಿತ್ತು. ಓಣಿಯ ತುಂಬ ಸೆರೆ ಅಂಗಡಿಯ ನಾತ. ಮುರಿಗೆಪ್ಪ ಮೂಗು ಮುಚ್ಚಿಕೊಂಡು ಬಗ್ಗಿ ನೋಡಿದ, ಬಲ್ಲವನ ಹಾಗೆ ತಲೆಯಾಡಿಸಿದ.

“ನೋಡಿದಿ? ಬಾಯಿ ಸರಿ ಮುಚ್ಚದಿದ್ರ ಹಿಂಗ ಆಗತೈತಿ.”

ಆ ವರುಷ ಕಾಶೆವ್ವ ಮಮದಾಪುರದಲ್ಲಿ ಅಣ್ಣನ ಹೊಲದಲ್ಲಿ ಬಿದ್ದ ತೆನೆ ಆಯ್ದು ಹೊಟ್ಟೆ ಹೊರೆದಳು. ತವರಿನ ನೆಲದಲ್ಲಿ ಬಗ್ಗಿ ಬಗ್ಗಿ ಆಯುವಾಗಲೇ ಆಣೆ ಮಾಡಿಕೊಂಡಳು, ಇವನು ಸತ್ತ ದಿನ ಆ ಬಾಟಲಿಯನ್ನು ತನ್ನ ಕೈಯಾರೆ ಒಡೆಯುತ್ತೇನೆಂದು.

*

ಹಾಗಾಗಿ ಅಯ್ಯನವರ ಮಾತು ಕೇಳಿದ್ದೇ ಅವಳು ಹಬ್ಬದ ಊಟಕ್ಕೆ ಕರೆ ಬಂದವರಂತೆ ಎದ್ದಳು. ಕತ್ತಲ ಖೋಲಿಗೆ ಹೋಗಿ ಬಾಟಲಿ ಎತ್ತಿಕೊಂಡಳು. ಹರಳುಗಳಿಂದಾಗಿ ಅದು ಕೂಸಿನಷ್ಟು ಭಾರ. ಹೊರಗೆ ಬಂದು, ಕಟ್ಟೆಯ ಕಲ್ಲಿನ ಮೇಲೆ ಅಪ್ಪಳಿಸಲು ಕೈ ಎತ್ತಿದಳು. ಜನ ಹಿಂದೆ ಸರಿಯಿತು. ಸಿಡಿದರೆ ಮೈಲಿಗೆ ಎಂದು ಬಸವಣ್ಣೆಪ್ಪನ ಹೆಂಡತಿ ಚನ್ನವ್ವ ಸೆರಗು ಒಟ್ಟುಮಾಡಿಕೊಂಡಳು.

ಬಸವಣ್ಣೆಪ್ಪ ಮಾತ್ರ ಹತ್ತಿರ ಬಂದು ದನಿ ತಗ್ಗಿಸಿದ.

“ನೀನ ಒಡಿ ಕಾಶೆವ್ವಾ, ಅದ ಚಲೋ. ನಾಳೆ ಸರಕಾರದವರು ಯಾರರ ಬಂದು ಕೇಳಿದ್ರ, ಹೆಣ್ಣಮಗಳು, ತಿಳೀದ ಒಡದಾಳ ಅಂದ್ರಾತು.”

ಎತ್ತಿದ ಕೈ ಅಲ್ಲೇ ನಿಂತಿತು.

“ಯಾರ ಕೇಳತಾರ್ರಿ ಭಾವಾರ?”

“ಯಾರಿಗೆ ಗೊತ್ತವಾ. ಎಷ್ಟಂದ್ರೂ ಸಾಹೇಬರ ವಸ್ತು.”

ಕಾಶೆವ್ವ ಅವನ ಮುಖ ನೋಡಿದಳು. ಆಮೇಲೆ ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಬಾಟಲಿಯ ಮೇಲೇ. ಇಷ್ಟು ವರುಷ ಓಣಿಯಲ್ಲಿ ಕೂತು ಮುರಿಗೆಪ್ಪನನ್ನು ಹುರಿದು ತಿಂದವರು, ಒಳಗೊಳಗೇ ಆ ಸಾಹೇಬನ ದಾರಿ ಕಾದಿದ್ದರು. ಮುರಿಗೆಪ್ಪನಾದರೂ ತನ್ನ ಅಂಜಿಕೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹಾಡಹಗಲೇ ಬೀದಿಯಲ್ಲಿ ನಡೆದಿದ್ದ. ಇವರಿಗೆ ಅಷ್ಟೂ ಆಗಿರಲಿಲ್ಲ.

ಅವಳು ಬಾಟಲಿಯನ್ನು ತಂದು ಹೊಸ್ತಿಲ ನಟ್ಟನಡುವೆ ಇಟ್ಟಳು.

“ನಾ ಒಡಿಯಾಂಗಿಲ್ಲ. ಬ್ಯಾಡಾದವರು ಒಡೀರಿ. ಅದೂ ಆಗದಿದ್ರ ಸುಮ್ಮನ ಹೆಣಾ ಎತ್ತರಿ.”

ಬಸವಣ್ಣೆಪ್ಪ ಸತ್ತೆಪ್ಪನ ಕಡೆ ಕಣ್ಣು ಮಾಡಿದ. ಕುರುಬರಿಗೆ ಸೆರೆಯ ಮಡಿಯೇನು, ಒಯ್ದು ಹಳ್ಳಕ್ಕೆ ಒಗೆಯಲಿ ಎಂದು ಅವನ ಎಣಿಕೆ.

“ನನ್ನ ಕುರಿ ಸರಕಾರದ ಅಡವ್ಯಾಗ ಮೇಯತಾವ್ರೀ,” ಎಂದು ಸತ್ತೆಪ್ಪ ಕೈ ಮುಗಿದ.

ನೀನೇ ಒಡೆ ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ, ಇನ್ನೊಬ್ಬ ಮತ್ತೊಬ್ಬನಿಗೆ. ಬೇವಿನ ಮರದ ನೆರಳು ಕಟ್ಟೆ ಏರಿ ಗೋಡೆ ಮುಟ್ಟಿತು. ಇಂಥ ಮನೆಯ ಋಣವೇ ಬೇಡವಾಗಿತ್ತು ಎಂದು ಚನ್ನವ್ವ ಗೊಣಗಿದಳು. ಕಾಶೆವ್ವ ಹೆಣದ ಪಕ್ಕ ಹೋಗಿ ನಿಂತಳು. ಕೊನೆಗೆ ಅಯ್ಯನವರೇ ಗಂಟಲು ಸರಿಮಾಡಿಕೊಂಡರು.

“ಹೊಸ್ತಿಲಂದ್ರ ಮನಿ ಒಳಗೂ ಅಲ್ಲ, ಹೊರಗೂ ಅಲ್ಲ. ದೋಷ ಇಲ್ಲ, ನಡೀರಿ.”

ಕಾವಿಯ ಅಂಚನ್ನು ಮೊಣಕಾಲ ತನಕ ಎತ್ತಿ ಹಿಡಿದು, ಅವರು ಬಾಟಲಿಯನ್ನು ದಾಟಿ ಒಳಗೆ ಬಂದು ಪಾದವಿಟ್ಟರು. ನಾಲ್ವರು ಹೆಣವನ್ನು ಗೂಟದಿಂದ ಬಿಚ್ಚಿ ಎತ್ತಿದರು. ಹೆಣದ ತಲೆ ಚೌಕಟ್ಟಿಗೆ ಬಡಿಯಿತು, ಯಾರೂ ಅತ್ತ ನೋಡಲಿಲ್ಲ. ಕಾಲಬೆರಳು ಎಲ್ಲಿ ತಗಲೀತೋ ಎಂದು ನಾಲ್ವರೂ ಕೆಳಗೇ ನೋಡುತ್ತ, ಉಸಿರು ಹಿಡಿದು ದಾಟಿದರು. ಅವರ ಹಿಂದೆ ಉಳಿದವರು. ಬಾಗಿಲು ಗಿಡ್ಡದ್ದು. ಧೋತರದ ಚುಂಗನ್ನು ಎರಡೂ ಕೈಯಿಂದ ಎದೆಯ ಹತ್ತಿರ ಹಿಡಿದುಕೊಂಡು, ಬೆನ್ನು ಬಾಗಿಸಿ, ತಲೆ ತಗ್ಗಿಸಿ, ಮನೆತನದ ಗಂಡಸರು ಒಬ್ಬರ ಹಿಂದೆ ಒಬ್ಬರು ಬಾಟಲಿಯ ಮುಂದೆ ಹಾದುಹೋದರು. ಬಸವಣ್ಣೆಪ್ಪ ಎಲ್ಲರಿಗಿಂತ ತುಸು ಹೆಚ್ಚೇ ಬಾಗಿದ್ದ.