ಐದನೇ ಹಾಳೆ

1

ಹೇಗೆ ಶುರು ಮಾಡಲಿ? "ಗಂಡ ತೀರಿಕೊಂಡು ಹತ್ತು ತಿಂಗಳಾಗಿತ್ತು" ಎಂದು ಬರೆದೆ. ಕಥೆಯೊಳಗಿನ ಟೀಚರ್ ಮುಖ ಸಿಂಡರಿಸಿದಳು.

"ಎಲ್ಲರೂ ಅಲ್ಲಿಂದಲೇ ಶುರು ಮಾಡ್ತಾರೆ. ಕ್ಲಾಸಿಂದ ಶುರು ಮಾಡಿ."

ಸರಿ ತಾಯಿ, ಹೊಡೆದು ಹಾಕಿದೆ. (ವಿಷಯ ನಿಮಗೆ ಗೊತ್ತಾಯಿತಲ್ಲ, ಸಾಕು.)

2

ಹೊಸ ಊರಿನ ಭಾಷೆ ಕಲಿಯಲು ಬಂದವರು ಐವರು: ಟೇಲರ್, ನರ್ಸ್, ಬಸ್ ಡ್ರೈವರ್, ಕ್ಷೌರದಂಗಡಿಯವನು, ಮೊಮ್ಮಗಳ ಜೊತೆ ಮಾತಾಡಿಯೇ ತೀರುತ್ತೇನೆಂದು ಹಟ ಹಿಡಿದ ಅಜ್ಜಿ.

ಇವತ್ತಿನ ಆಟ ಸುಲಭ. ಪ್ರತಿ ಹಾಳೆಯಲ್ಲೂ ಟೀಚರ್ ಬರೆದ ಒಂದು ಸಾಲಿರುತ್ತದೆ. ಅದರ ಕೆಳಗೆ ನಿಮ್ಮದೊಂದು ಸಾಲು ಸೇರಿಸಿ, ಮೇಲಿನದನ್ನು ಮಡಚಿ, ಪಕ್ಕದವರಿಗೆ ಕೊಡಬೇಕು. ಅವರಿಗೆ ಕಾಣುವುದು ಕೊನೆಯ ಸಾಲು ಮಾತ್ರ.

ಬ್ಯಾಗಿಗೆ ಕೈ ಹಾಕಿ, ನೋಡದೆಯೇ ಐದು ಹಾಳೆ ಹಂಚಿದಳು. (ಹತ್ತು ತಿಂಗಳಿಂದ ಅವಳು ಯಾವುದನ್ನೂ ನೋಡಿ ಮಾಡಿಲ್ಲ.)

3

ಅದೇ ಬ್ಯಾಗಿನಲ್ಲಿ ರಾಜೀನಾಮೆ ಪತ್ರವೂ ಇತ್ತು. ನಾಲ್ಕು ಗಂಟೆಗೆ ಆಫೀಸಿಗೆ ಕೊಡಬೇಕು. ಒಂದೇ ಸಾಲು ಬರೆಯಲು ಆಗಿತ್ತು.

ಐದನೇ ಹಾಳೆ ಅದೇ.

(ಅತಿಯಾಯಿತೇ? ಮೂರು ಡ್ರಾಫ್ಟಿನಲ್ಲಿ ಬೇರೆ ಹಾಳೆ ಕೊಟ್ಟು ನೋಡಿದೆ. ಟೀಚರ್ ಪತ್ರ ಸಲ್ಲಿಸಿ ಮನೆಗೆ ಹೋದಳು. ಕಥೆಯೂ ಹೋಯಿತು.)

4

ಐದನೇ ಹಾಳೆ ಕೊನೆಗೆ ನಿಂತದ್ದು ಅಜ್ಜಿಯ ಕೈಯಲ್ಲಿ. ಮಡಿಕೆ ಬಿಚ್ಚಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರು:

"ಮಾನ್ಯರೇ, ನಾಳೆಯಿಂದ ನಾನು ಬರುವುದಿಲ್ಲ.
ಏಕೆಂದರೆ ನನ್ನ ಚಪ್ಪಲಿ ಹರಿದಿದೆ.
ಹರಿದ ಕಡೆ ದಿನಕ್ಕೆ ಮೂರು ಸಲ ಮುಲಾಮು ಹಚ್ಚಿ.
ಮುಲಾಮು ಮುಗಿದರೆ ಮುಂದಿನ ಸ್ಟಾಪಿನಲ್ಲಿ ಇಳಿಯಿರಿ.
ಇಳಿದು, ತಲೆ ಬಗ್ಗಿಸಿ ಕೂತುಕೊಳ್ಳಿ, ಐದೇ ನಿಮಿಷ.
ನೀವು ಕೂತರೆ ನಾನೂ ಪಕ್ಕದಲ್ಲಿ ಕೂರುತ್ತೇನೆ. ಮಾತು ಬೇಡ."

ಕೊನೆಯದು ಅಜ್ಜಿಯದೇ.

ಟೇಲರ್ ಮೊದಲ ಸಾಲನ್ನು ಮತ್ತೆ ಬಗ್ಗಿ ನೋಡಿದ. "ಟೀಚರ್, ಇದು ಆಟದ್ದಲ್ಲ ಅನ್ಸುತ್ತೆ."



5

ಅಂತ್ಯ ಒಂದು: ಟೀಚರ್ ಅಳುತ್ತಾಳೆ.

"ಅಳು ಬರಲ್ಲ ರೀ. ಎಷ್ಟೋ ಸಲ ಪ್ರಯತ್ನಪಟ್ಟಿದ್ದೀನಿ."

ಅಂತ್ಯ ಎರಡು: ಪತ್ರ ಹರಿದು ಹಾಕುತ್ತಾಳೆ.

"ಏಯ್, ಹರೀಬೇಡಿ!" ಡ್ರೈವರ್ ಎದ್ದೇ ನಿಂತ. "ಈ ಭಾಷೇಲಿ ನಾನು ತಪ್ಪಿಲ್ಲದೆ ಬರೆದ ಮೊದಲನೇ ಸಾಲು ಅದರಲ್ಲಿದೆ!"

ನಾನು ಯೋಚಿಸುತ್ತಿರುವಾಗಲೇ ಟೀಚರ್ ನರ್ಸ್ ಕಡೆ ತಿರುಗಿದಳು. "ಚಪ್ಪಲಿಗೆ... ಮುಲಾಮಾ?"

"ಹರಿದಿದೆ ಅಂತಿತ್ತಲ್ಲ ಮೇಡಂ. ನನಗೆ ಗೊತ್ತಿರೋದು ಅಷ್ಟೇ."

ಮೊದಲು ಮೂಗಿನಿಂದ ಒಂದು ಸದ್ದು ಬಂತು. ಆಮೇಲೆ ಟೀಚರ್ ಮೇಜು ಹಿಡಿದುಕೊಂಡು ನಕ್ಕಳು. ಉಸಿರು ಸಿಕ್ಕಿಕೊಳ್ಳುವಷ್ಟು, ಕಣ್ಣಲ್ಲಿ ನೀರು ಬರುವಷ್ಟು. ಅಜ್ಜಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಬರೆದಂತೆಯೇ, ಮಾತಾಡಲಿಲ್ಲ.

(ಇದನ್ನು ನಾನು ಬರೆದಿರಲಿಲ್ಲ. ಆದರೂ ಹೆಗಲಿನ ಭಾರ ಇಳಿಸಿದಂತಾಯಿತು. ಯಾರ ಹೆಗಲು ಎಂದು ಕೇಳಬೇಡಿ.)

6

ನಾಲ್ಕು ಗಂಟೆ. ಆಫೀಸಿನಾಕೆ ಕೈ ಚಾಚಿದಳು. "ಪತ್ರ ತಂದ್ರಾ?"

"ತಂದಿದ್ದೀನಿ. ಆದ್ರೆ ಇನ್ನೂ ಮುಗಿದಿಲ್ಲ. ನನ್ನ ಜೊತೆ ಐದು ಜನ ಬರೀತಿದ್ದಾರೆ."

"ಯಾವಾಗ ಮುಗಿಯುತ್ತೆ?"

ಟೀಚರ್ ನನ್ನ ಕಡೆ ನೋಡಿದಳು.

ನನ್ನನ್ನೇನು ಕೇಳುತ್ತೀಯೇ? ನನಗೂ ಕಾಣುತ್ತಿರುವುದು ಕೊನೆಯ ಸಾಲು ಮಾತ್ರ.